ಏಕಾದಶಿಯ ದಿನ ನೀವು ರುಚಿ ನೋಡಿದ ನೀರು

ವಿಜಯನಗರ,
ನಾಗರಪಂಚಮಿ

ಪೂಜ್ಯ ಅತ್ತೆಯವರಿಗೆ ಸತ್ಯವತಿಯ ನಮಸ್ಕಾರಗಳು.

ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆದು, ಎರಡನೆಯ ಸಾಲಿನಲ್ಲಿ ನಿಮ್ಮ ಕ್ಷೇಮ ವಿಚಾರಿಸುವುದು ಪದ್ಧತಿ. ನನಗೆ ಈಗ ಅಷ್ಟು ತಾಳ್ಮೆ ಇಲ್ಲ. ಪುಟ್ಟಿ ಚೆನ್ನಾಗಿದ್ದಾಳೆ, ನಿಮ್ಮ ಮಗ ಚೆನ್ನಾಗಿದ್ದಾರೆ, ನಾನು ಸಿಟ್ಟಾಗಿದ್ದೇನೆ. ಕ್ಷೇಮ ಸಮಾಚಾರ ಇಷ್ಟೇ.

ಅನಂತಲಕ್ಷ್ಮಿ ಅತ್ತಿಗೆಗೆ ಸೊಂಟ ಹಿಡಿದುಕೊಂಡಿದೆ, ಮಗಳ ಮನೆಯಲ್ಲಿ ಕೈಯಾಸರೆಗೆ ಜನ ಬೇಕು ಎಂದು ತಾನೇ ನೀವು ಇಲ್ಲಿಂದ ಚೀಲ ಹಿಡಿದು ಹೊರಟದ್ದು? ಅಮಾವಾಸ್ಯೆಗೆ ಮುಂಚೆ ನಾನು ಪುಟ್ಟಿಯನ್ನು ಎತ್ತಿಕೊಂಡು ಕೆಂಗೇರಿಗೆ ಬಂದೆನಲ್ಲ, ಆಗ ನಿಮ್ಮ ಮಗಳು ಬಾವಿಯಿಂದ ಸೊಂಟದ ಮೇಲೊಂದು, ಕೈಯಲ್ಲೊಂದು ಕೊಡ ಹೊತ್ತು ಬರುತ್ತಿದ್ದರು. ನನ್ನನ್ನು ಕಂಡ ಮೇಲೆ ಪಾಪ, ನೆನಪಾಗಿ ಒಂದು ಸಲ ನರಳಿದರು. ಸುಳ್ಳು ಹೇಳಿಸುವುದಿದ್ದರೆ ಅವರಿಗೆ ಸ್ವಲ್ಪ ಅಭ್ಯಾಸ ಮಾಡಿಸಬೇಕಿತ್ತು ಅತ್ತೆ.

ಅದು ಹೋಗಲಿ. ನಾನು ಮಗುವನ್ನು ನಿಮ್ಮ ಕೈಗೆ ಕೊಡಲು ಬಂದರೆ ನೀವು ಹೂ ಬಿಡಿಸಲು ಹಿತ್ತಿಲಿಗೆ ಹೋದಿರಿ. ಪುಟ್ಟಿ ತೆವಳಿಕೊಂಡು ಬಂದು ನಿಮ್ಮ ಸೆರಗು ಹಿಡಿದರೆ, ಮೆಲ್ಲಗೆ ಬೆರಳು ಬಿಡಿಸಿ, ಮಡಿಯಲ್ಲಿದ್ದೇನೆ ಎಂದಿರಿ. ಊಟ ಮುಗಿದು, ಎಲೆ ತೆಗೆದು, ನೆಲಕ್ಕೆ ಗೋಮೆ ಬಳಿದ ಮೇಲೂ ಮಡಿಯೇ? ಅವಳು ನಿಮ್ಮ ಮುಖವನ್ನೇ ನೋಡುತ್ತ ಕೂತಿದ್ದಳು. ತವರಿನಿಂದ ಈ ಮನೆಗೆ ಬಂದಾಗಿನಿಂದ ನಿಮ್ಮ ತೊಡೆಯ ಮೇಲೆಯೇ ನಿದ್ದೆ ಮಾಡಿದ ಮಗು ಅದು. ನೀವು ಅವಳನ್ನು ಮುಟ್ಟಿ ಸುಮಾರು ಒಂದು ತಿಂಗಳಾಗುತ್ತ ಬಂತು. ನನಗೆ ಸಿಟ್ಟು ಬಂದಿರುವುದು ಅದಕ್ಕೆ.

ಎದುರಿಗೆ ಈ ಮಾತು ಎತ್ತಿದರೆ ನೀವು ಒಲೆ ನೋಡಲು ಎದ್ದುಬಿಡುತ್ತೀರಿ. ನಿಮ್ಮ ಮಗನೂ ಎರಡು ಸಲ ಬಂದರು, ಎರಡು ಸಲವೂ ಉಪ್ಪಿನಕಾಯಿ ಕಟ್ಟಿಸಿಕೊಂಡು ವಾಪಸಾದರು. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಪುರಾಣ ಓದಲು ಕೂರುವ ಹಾಗೆ ಕನ್ನಡಕ ಹಾಕಿಕೊಂಡು ಕೂತು ಕೊನೆಯವರೆಗೂ ಓದಿ. ಇದರಲ್ಲಿ ನಿಮಗೆ ಗೊತ್ತಿರುವುದೇ ಬಹಳ. ಆದರೆ ಅದು ನನ್ನ ಕಣ್ಣಿಗೆ ಹೇಗೆ ಕಂಡಿತು ಎನ್ನುವುದು ನಿಮಗೆ ಗೊತ್ತಿಲ್ಲ. ನೀವು ಹೋದ ಮೇಲೆ ನಡೆದದ್ದಂತೂ ಗೊತ್ತೇ ಇಲ್ಲ.

ಪುಟ್ಟಿಗೆ ಭೇದಿ ಶುರುವಾದದ್ದು ಪ್ರಥಮ ಏಕಾದಶಿಗೆ ಎರಡು ದಿನ ಮುಂಚೆ. ಕೆಳಗಿನ ಒಸಡಿನಲ್ಲಿ ಅಕ್ಕಿಕಾಳಿನಷ್ಟು ಹಲ್ಲು ಕಾಣಿಸಿಕೊಂಡಿತ್ತು. ಹಲ್ಲು ಬರುವಾಗ ಹೊಟ್ಟೆ ಕೆಡುವುದು ಇದ್ದದ್ದೇ ಎಂದು ನೀವಂದಿರಿ, ಎದುರುಮನೆಯವರಂದರು, ನಾನೂ ತಲೆಯಾಡಿಸಿದೆ. ಪಾಪದ ಹಲ್ಲಿನ ಮೇಲೆ ಎಲ್ಲರೂ ಸೇರಿ ಅಪವಾದ ಹೊರಿಸಿದೆವು. ಡಾಕ್ಟರಮ್ಮ ಆಮೇಲೆ ಹಾಲಿನ ಬಾಟಲು ತರಿಸಿ, ಅದರ ರಬ್ಬರು ಮೂಸಿ ನೋಡಿ, ನನ್ನ ಮೂಗಿಗೂ ಹಿಡಿದರಲ್ಲ, ಹುಳಿ ವಾಸನೆ. ನಮ್ಮಣ್ಣ ಪ್ರೀತಿಯಿಂದ ತಂದುಕೊಟ್ಟ ಬಾಟಲು. ಅದು ಬೇಡ ಎಂದು ಮೊದಲ ದಿನವೇ ನೀವು ಹೇಳಿದ್ದಿರಿ, ಹಳೇ ಕಾಲದವರು ಎಂದು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದರು, ನೊಣವೋ ನೊಣ. ನಲ್ಲಿ ಬಿಟ್ಟ ದಿನ ತುಂಬಿಟ್ಟ ತೊಟ್ಟಿ ನೀರಿನಲ್ಲಿ ನಾನು ಬಾಟಲು ಕುಲುಕಿ ತೊಳೆಯುತ್ತಿದ್ದೆ, ಕುದಿಸುತ್ತಿರಲಿಲ್ಲ. ಹಾಗಾಗಿ ಲೆಕ್ಕಕ್ಕೆ ಕೂತರೆ ನನ್ನ ಪಾಲೂ ಇದೆ. ಎಲ್ಲವನ್ನೂ ನೀವೊಬ್ಬರೇ ಕಟ್ಟಿಕೊಂಡು ಕೆಂಗೇರಿಗೆ ಹೋಗುವುದು ನ್ಯಾಯವಲ್ಲ.

ನೀವು ಮಾಡಿದ್ದು ಈ ಮನೆಯಲ್ಲಿ ತಲೆತಲಾಂತರದಿಂದ ಮಾಡಿಕೊಂಡು ಬಂದದ್ದು. ಲಂಘನಂ ಪರಮೌಷಧಂ. ಯಾರಿಗೆ ಹೊಟ್ಟೆ ಕೆಟ್ಟರೂ ಈ ಮನೆಯಲ್ಲಿ ಮೊದಲು ಬರುವ ಮಾತು ಅದು, ಉಪವಾಸಕ್ಕಿಂತ ದೊಡ್ಡ ಔಷಧಿ ಇಲ್ಲ. ಏಕಾದಶಿ ಮಾಡುವ ಮನೆ, ಉಪವಾಸ ನಮಗೆ ನೆಂಟನ ಹಾಗೆ. ನಿಮ್ಮ ಮಗನಿಗೆ ಆಫೀಸಿನ ಕ್ಯಾಂಟೀನಿನ ಬೋಂಡ ತಿಂದು ಕೆಟ್ಟಾಗ ಹಾಗೇ ವಾಸಿಯಾಗಿತ್ತು. ಪುಟ್ಟಿಗೂ ಅದನ್ನೇ ಮಾಡಿದಿರಿ. ಹಾಲು ಬೇಡ, ನೀರು ಬೇಡ, ಎದೆಗೂ ಹಾಕಿಕೊಳ್ಳಬೇಡ. ಒಳಗೆ ಹೋದರೆ ತಾನೇ ಹೊರಗೆ ಬರೋದು ಎಂದಿರಿ. ಜಾಯಿಕಾಯಿ ತೇಯ್ದು ನಾಲಿಗೆಗೆ ಸವರಿದಿರಿ, ದೃಷ್ಟಿ ತೆಗೆದಿರಿ. ನನ್ನ ಎದೆ ಕಲ್ಲಾಗಿ ನೋಯುತ್ತಿತ್ತು, ಬಚ್ಚಲಿಗೆ ಹೋಗಿ ಹಿಂಡಿ ಬರುತ್ತಿದ್ದೆ. ಮಾರನೆಯ ದಿನ ಭೇದಿ ಕಡಿಮೆಯಾಯಿತು. ಅಳುವೂ ಕಡಿಮೆಯಾಯಿತು. ನಾವಿಬ್ಬರೂ ಅಬ್ಬ ಎಂದು ಸಮಾಧಾನಪಟ್ಟೆವು. ಅವಳಿಗೆ ಅಳುವಷ್ಟೂ ಶಕ್ತಿ ಉಳಿದಿಲ್ಲ ಎನ್ನುವುದು ಇಬ್ಬರಿಗೂ ಹೊಳೆಯಲಿಲ್ಲ.

ಏಕಾದಶಿಯ ಬೆಳಗ್ಗೆ ನೆನಪಿದೆಯಾ? ಮಠದಲ್ಲಿ ಮುದ್ರೆ ಹಾಕಿಸಿಕೊಳ್ಳುವ ದಿನ. ಬೆಂಕಿಯಲ್ಲಿ ಕಾಯಿಸಿದ ಶಂಖಚಕ್ರಗಳನ್ನು ತೋಳಿಗೆ ಒತ್ತಿಸಿಕೊಂಡು ಬಂದರೆ ವರ್ಷವಿಡೀ ರಕ್ಷೆ ಎಂದು ನೀವು ಒಂದು ವರ್ಷವೂ ತಪ್ಪಿಸಿದವರಲ್ಲ. ಪುಟ್ಟಿಗೆ ಇದು ಮೊದಲನೆಯ ಮುದ್ರೆ, ಆಮೇಲೆ ಎಲ್ಲ ಸರಿಹೋಗುತ್ತದೆ ಎಂದು ನೀವೇ ಅವಳಿಗೆ ರೇಷ್ಮೆ ಲಂಗ ಸುತ್ತಿದಿರಿ. ನಿಮ್ಮ ಮಗ ಆಟೋ ತಂದು ಬಾಗಿಲಲ್ಲಿ ನಿಲ್ಲಿಸಿದ್ದರು. ತಲೆಗೆ ಎಣ್ಣೆ ಸವರಲು ನೀವು ಅಂಗೈ ಇಟ್ಟಿರಿ, ಇಟ್ಟ ಕೈ ಹಾಗೇ ನಿಂತಿತು. ನೆತ್ತಿ ಬಟ್ಟಲಿನ ಹಾಗೆ ಗುಳಿ ಬಿದ್ದಿತ್ತು. ನಿಮ್ಮ ಮುಖದ ಬಣ್ಣ ಹೋದದ್ದನ್ನು ನಾನು ನೋಡಿದೆ. ಯಾಕೆಂದು ಆಗ ನನಗೆ ತಿಳಿಯಲಿಲ್ಲ.

"ಪದ್ಮನಾಭಾ, ಮಠಕ್ಕೆ ಬೇಡ. ಡಾಕ್ಟ್ರ ಷಾಪಿಗೆ ತಿರುಗಿಸೋಕೆ ಹೇಳು," ಎಂದಿರಿ.

ಮೊದಲು ಅರ್ಥ ಮಾಡಿಕೊಂಡದ್ದು ನೀವು. ನಾನೂ ಅಲ್ಲ, ಏಜೀಸ್ ಆಫೀಸಿನಲ್ಲಿ ದೇಶದ ಲೆಕ್ಕವನ್ನೆಲ್ಲ ನೋಡುವ ನಿಮ್ಮ ಮಗನೂ ಅಲ್ಲ. ಇದನ್ನು ನೀವು ಮರೆತಂತೆ ಕಾಣುತ್ತದೆ, ಅದಕ್ಕೆ ಬರೆದಿದ್ದೇನೆ.

ಮಾಗಡಿ ರಸ್ತೆಯ ತಿರುವಿನಲ್ಲಿ ಡಾಕ್ಟರ್ ಜಗದಾಂಬಾ ಅವರ ಷಾಪಿನ ಮುಂದೆ ಜನ ಬೆಂಚು ತುಂಬ ಇದ್ದರು. ಪುಟ್ಟಿಯ ಕತ್ತು ವಾಲಿದ್ದು ನೋಡಿ ಎಲ್ಲರೂ ಎದ್ದು ದಾರಿ ಬಿಟ್ಟರು. ಡಾಕ್ಟರಮ್ಮ ಅವಳ ಹೊಟ್ಟೆಯ ಚರ್ಮವನ್ನು ಎರಡು ಬೆರಳಿನಲ್ಲಿ ಎಳೆದು ಬಿಟ್ಟರು. ಅದು ಥಟ್ಟನೆ ಕೂರದೆ ಮಡಿಸಿದ ಬಟ್ಟೆಯ ಹಾಗೆ ಸ್ವಲ್ಪ ಹೊತ್ತು ನಿಂತೇ ಇತ್ತು. ಬಾಯಿ ತೆಗೆಸಿ ನೋಡಿದರು, ನಾಲಿಗೆ ಒಣಗಿತ್ತು. ಅಳಿಸಿ ನೋಡಿದರು, ಕಣ್ಣಿನಲ್ಲಿ ನೀರಿಲ್ಲ. ಕೊನೆಯ ಸಲ ಉಚ್ಚೆ ಹೊಯ್ದದ್ದು ಯಾವಾಗ ಎಂದು ಕೇಳಿದರು. ನಾನು ನಿಮ್ಮ ಮುಖ ನೋಡಿದೆ, ನೀವು ನನ್ನ ಮುಖ ನೋಡಿದಿರಿ. ಹೊಟ್ಟೆಗೇನು ಕೊಟ್ಟಿದ್ದೀರಿ ಎಂದದ್ದಕ್ಕೆ, ಏನೂ ಕೊಟ್ಟಿಲ್ಲ, ಲಂಘನ ಹಾಕಿದ್ದೇವೆ ಎಂದು ನೀವು ಧೈರ್ಯವಾಗಿಯೇ ಹೇಳಿದಿರಿ.

ಅವರು ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ನಿಮ್ಮ ಒಡೆದ ತುಟಿಯನ್ನು ನೋಡಿದರು.

"ಇವತ್ತು ಏಕಾದಶಿ. ನೀವು ನೀರೂ ಮುಟ್ಟಿಲ್ಲ ಅಲ್ವಾ ಅಮ್ಮಾ? ಸಾಯಂಕಾಲದ ಹೊತ್ತಿಗೆ ಹೇಗಾಗುತ್ತೆ ನಿಮಗೆ?"

"ನಾಲಿಗೆ ಅಂಗುಳಕ್ಕೆ ಅಂಟುತ್ತೆ. ಎದ್ದರೆ ಕಣ್ಣು ಕತ್ತಲೆ ಬರುತ್ತೆ."

"ನಿಮ್ಮ ಮೈಯಿಂದ ಏನೂ ಹೋಗ್ತಿಲ್ಲ, ಆದ್ರೂ ಹಾಗಾಗುತ್ತೆ. ಈ ಕೂಸಿನ ಮೈಯಲ್ಲಿದ್ದ ನೀರೆಲ್ಲ ಭೇದೀಲಿ ಹೋಗಿದೆ. ಬಾಯಾರಿಕೆ ಅಂತ ಹೇಳೋಕೂ ಅದಕ್ಕೆ ಬರಲ್ಲ."

ನೀವು ಅಲ್ಲೇ ಗೋಡೆಗೆ ಒರಗಿ ನಿಂತಿರಿ. ನಿಮ್ಮ ಮಗ ಇಂಜೆಕ್ಷನ್ ಇಲ್ಲವೇ, ಮಿಕ್ಸ್ಚರ್ ಇಲ್ಲವೇ ಎಂದು ಕೇಳುತ್ತಿದ್ದರು. ಇದರ ಔಷಧಿ ನಿಮ್ಮ ಅಡುಗೆಮನೆಯಲ್ಲಿದೆ ಎಂದರು ಡಾಕ್ಟರಮ್ಮ. ಕುದಿಸಿ ಆರಿಸಿದ ಒಂದು ಲೀಟರು ನೀರು, ತಲೆ ಸವರಿ ಸಮ ಮಾಡಿದ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಪುಡಿ ಉಪ್ಪು. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ, ಅದಕ್ಕೇ ಮಾಡಿದಾಗಲೆಲ್ಲ ಮಾಡಿದವರು ಮೊದಲು ರುಚಿ ನೋಡಬೇಕು, ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಬೇಕು ಎಂದರು. ಎದೆಹಾಲು ನಿಲ್ಲಿಸಲೇ ಕೂಡದು. ಗಂಜಿಯನ್ನೂ ಕೊಡಿ ಎಂದಾಗ, ಏಕಾದಶಿಯ ದಿನ ನಮ್ಮ ಮನೆಯಲ್ಲಿ ಅಕ್ಕಿ ಒಲೆಯ ಮೇಲೆ ಇಡುವುದಿಲ್ಲ ಎಂದು ನೀವು ಸಣ್ಣ ದನಿಯಲ್ಲಿ ಹೇಳಿದಿರಿ. ಹಾಗಾದರೆ ಗಂಜಿ ನಾಳೆಗಿರಲಿ, ನೀರು ಮಾತ್ರ ಈಗಿನಿಂದಲೇ ಎಂದರು. ದೀಪ ಹಚ್ಚುವ ಹೊತ್ತಿಗೆ ಉಚ್ಚೆ ಹೊಯ್ಯದಿದ್ದರೆ, ನೀರನ್ನೇ ಕುಡಿಯದಿದ್ದರೆ, ಭೇದಿಯಲ್ಲಿ ರಕ್ತ ಕಂಡರೆ, ಯೋಚನೆ ಮಾಡುತ್ತ ಕೂರದೆ ದೊಡ್ಡಾಸ್ಪತ್ರೆಗೆ ಹೋಗಿ ಗ್ಲೂಕೋಸ್ ಏರಿಸಬೇಕು ಎಂದು ಎಚ್ಚರಿಸಿದರು. ಮೊದಲ ಕೆಲವು ಚಮಚಗಳನ್ನು ಅವರೇ ಅಲ್ಲೇ ಕುಡಿಸಿ ನೋಡಿ, ನುಂಗುತ್ತಾಳೆ ಎಂದ ಮೇಲೆ ನಮ್ಮನ್ನು ಕಳಿಸಿದರು.

ಮನೆಗೆ ಬಂದು ನಾನು ಕೊಟ್ಟ ನೀರನ್ನು ಪುಟ್ಟಿ ಹಾಗೇ ಕಕ್ಕಿದಳು. ನಾನು ಚಮಚ ಬಿಸಾಕಿ ಅಳುತ್ತ ಕೂತೆ. ನೀವು ಬೆಳ್ಳಿ ಒಳಲೆ ತಂದು, ಮಗುವನ್ನು ನನ್ನ ತೊಡೆಯಿಂದ ನಿಮ್ಮ ತೊಡೆಗೆ ಎತ್ತಿಕೊಂಡಿರಿ. ಹೆದರಬೇಡ ಕಣೇ, ಸ್ವಲ್ಪ ತಡೆದು ಕೊಡೋಣ ಎಂದಿರಿ. ಸ್ವಲ್ಪ ಹೊತ್ತು ಬಿಟ್ಟು, ತುಟಿಯ ಮೂಲೆಗೆ ಒಳಲೆಯ ಮೂತಿ ಇಟ್ಟು, ತೊಟ್ಟು ತೊಟ್ಟಾಗಿ ಬಿಡುತ್ತ ಬಂದಿರಿ. ನಡುವೆ ಮತ್ತೆ ಭೇದಿಯಾಯಿತು. ಕೊಟ್ಟದ್ದೆಲ್ಲ ಹೊರಗೇ ಹೋಗುತ್ತಿದೆಯಲ್ಲ, ಯಾಕೆ ಕೊಡುವುದು ಎಂದು ನಿಮ್ಮ ಮಗ ಗೊಣಗಿದರು. ಅದಕ್ಕೆ ನೀವು ಹೇಳಿದ ಮಾತು ಡಾಕ್ಟರಮ್ಮನಿಗೂ ಹೊಳೆದಿರಲಿಲ್ಲ.

"ತೂತು ಹಂಡೆ ಒಲೆ ಮೇಲಿದ್ರೆ ನೀರು ಹಾಕ್ತಾನೇ ಇರಬೇಕು ಕಣೋ. ನಿಲ್ಲಿಸಿದ್ರೆ ಹಂಡೆಯೇ ಸುಟ್ಟುಹೋಗುತ್ತೆ."

ಈಗ ನಾನು ಯಾರಿಗೂ ಹೇಳದ ಒಂದು ಸಂಗತಿ. ಮಧ್ಯಾಹ್ನ ಪುಟ್ಟಿಗೆ ಹಾಲು ಕೊಟ್ಟು, ಅವಳನ್ನು ನಿಮ್ಮ ಮಗನ ಹೆಗಲಿಗೆ ಹಾಕಿ, ನಾನು ಅಡುಗೆಮನೆಯ ಗೋಡೆಗೆ ಒರಗಿದ್ದವಳು ಹಾಗೇ ತೂಕಡಿಸಿದೆ. ಕಣ್ಣು ಬಿಟ್ಟಾಗ ನೀವು ಹೊಸದಾಗಿ ನೀರು ಕಲಸುತ್ತಿದ್ದಿರಿ. ಬೆಳಗ್ಗೆ ಮಾಡಿದ ನೀರಿನ ರುಚಿಯನ್ನು ನಾನು ನೋಡಿದ್ದೆ. ಈಗ ನೀವು ನನ್ನ ಕಡೆ ತಿರುಗಿದಿರಿ, ನಾನು ನಿದ್ದೆಯಲ್ಲಿದ್ದೇನೆ ಎಂದುಕೊಂಡಿರಿ. ಎಬ್ಬಿಸಬಹುದಿತ್ತು. ಎಬ್ಬಿಸಲಿಲ್ಲ. ದೇವರ ಗೂಡಿನ ಕಡೆ ಒಂದು ಸಲ ನೋಡಿ, ಅಂಗೈಗೆ ಒಂದು ತೊಟ್ಟು ಹಾಕಿಕೊಂಡು ನಾಲಿಗೆಗೆ ಮುಟ್ಟಿಸಿಕೊಂಡಿರಿ. ಮಾವನವರು ಹೋದಾಗಿನಿಂದ, ಮೈ ಸುಡುವ ಜ್ವರದಲ್ಲೂ, ಏಕಾದಶಿಯ ದಿನ ಹನಿ ನೀರು ಮುಟ್ಟದವರು ನೀವು. ಅಷ್ಟೇ ಅಲ್ಲ. ರುಚಿ ನೋಡಿ ಮುಖ ಕಿವುಚಿದಿರಿ, ಉಪ್ಪು ಹೆಚ್ಚಾಗಿತ್ತು. ಅದನ್ನು ಚೆಲ್ಲಿ ಮತ್ತೆ ಕಲಸಿದಿರಿ, ಮತ್ತೆ ನಾಲಿಗೆಗೆ ಮುಟ್ಟಿಸಿಕೊಂಡಿರಿ. ನಾನು ಕಣ್ಣು ಮುಚ್ಚಿಕೊಂಡೆ. ನೋಡಿದ್ದು ಗೊತ್ತಾದರೆ ನಿಮಗೆ ಸಂಕಟವಾಗುತ್ತದೆ ಎಂದು ಇಷ್ಟು ದಿನ ಸುಮ್ಮನಿದ್ದೆ. ನಾನು ನಿಮ್ಮ ಜೊತೆ ಜಗಳ ಆಡಿದ್ದೇನೆ, ಎದುರುತ್ತರ ಕೊಟ್ಟಿದ್ದೇನೆ. ಆದರೆ ಆ ಹೊತ್ತಿನಲ್ಲಿ ನಿಮ್ಮ ಮೇಲೆ ಬಂದಂಥ ಪ್ರೀತಿ ನನಗೆ ಹೆತ್ತ ತಾಯಿಯ ಮೇಲೂ ಬಂದಿರಲಿಲ್ಲ.

ಸಂಜೆ ನಿಮ್ಮ ಮಗ ಆಸ್ಪತ್ರೆಗೆಂದು ಆಟೋ ಕರೆಯಲು ಚಪ್ಪಲಿ ಹಾಕಿಕೊಳ್ಳುತ್ತಿದ್ದರು. ನಾನು ದೇವರ ಮುಂದೆ ಬತ್ತಿ ಹೊಸೆಯುತ್ತಿದ್ದೆ. ಸತ್ಯಾ, ಬಾರೇ ಇಲ್ಲಿ, ಮುಟ್ಟಿ ನೋಡು ಎಂದು ಕರೆದಿರಿ. ಓಡಿ ಬಂದರೆ ನಿಮ್ಮ ಮಡಿಸೀರೆಯ ಮಡಿಲು ಒದ್ದೆ. ಪುಟ್ಟಿ ಧಾರಾಳವಾಗಿ ಹೊಯ್ದುಬಿಟ್ಟಿದ್ದಳು. ಬೇರೆ ದಿನ ಆ ಸೀರೆಗೆ ನನ್ನ ನೆರಳು ತಾಕಿದರೂ ಮುಖ ಊದಿಸಿಕೊಳ್ಳುವವರು, ಆವತ್ತು ಅದನ್ನು ಹಿಡಿದು ಹಿಡಿದು ತೋರಿಸಿದಿರಿ. ನಿಮ್ಮ ಮಗ ಒಂದು ಕಾಲಿನ ಚಪ್ಪಲಿಯಲ್ಲೇ ಒಳಗೆ ಬಂದು ಆ ಒದ್ದೆಯನ್ನು ಮುಟ್ಟಿ ನೋಡಿದರು. ಮೂವರೂ ನಕ್ಕೆವು, ನಗುತ್ತ ನಗುತ್ತ ನೀವು ಅಳತೊಡಗಿದಿರಿ.

"ವೆಂಕಟಗಿರಿಗೂ ಇಷ್ಟೇ ಸಾಕಾಗಿತ್ತೇನೋ ಕಣೇ," ಎಂದಿರಿ.

ಆ ಹೆಸರನ್ನು ನಾನು ಕೇಳಿರಲಿಲ್ಲ. ನಿಮ್ಮ ಮಗನೂ ಕೇಳಿರಲಿಲ್ಲ ಎಂದು ಅವರ ಮುಖ ನೋಡಿದ ಮೇಲೆ ತಿಳಿಯಿತು. ನೀವೇ ಹೇಳಿದಿರಿ. ಮದುವೆಯಾಗಿ ಮಾಗಡಿಯ ಹತ್ತಿರದ ಹಳ್ಳಿಯಲ್ಲಿದ್ದಾಗ ಹುಟ್ಟಿದ ಮೊದಲನೆಯ ಮಗು, ಅನಂತಲಕ್ಷ್ಮಿ ಅತ್ತಿಗೆಗಿಂತ ದೊಡ್ಡವನು. ವಾಂತಿಭೇದಿ ಶುರುವಾದಾಗ ನಿಮ್ಮ ಅತ್ತೆ ಲಂಘನ ಎಂದು ಕೋಣೆಯಿಂದ ನೀರಿನ ಚೊಂಬನ್ನೇ ತೆಗೆಸಿದರಂತೆ. ಹೊರಗೆ ಯಾರಾದರೂ ಚೊಂಬು ಇಟ್ಟ ಸದ್ದಾದರೆ ಅವನು ಆ ಕಡೆ ತಲೆ ತಿರುಗಿಸುತ್ತಿದ್ದನಂತೆ. ಅವನ ನೆತ್ತಿಯೂ ಹೀಗೇ ಆಗಿತ್ತು ಎಂದಿರಿ. ಅಷ್ಟು ಹೇಳಿ, ಸೆರಗಿನಲ್ಲಿ ಮುಖ ಒರೆಸಿಕೊಂಡು, ಸೀರೆ ಬದಲಾಯಿಸಲು ಎದ್ದು ಹೋದಿರಿ.

ಮಾರನೆಯ ದಿನ ದ್ವಾದಶಿ. ಪಾರಣೆ ಮುಗಿಸಿ, ಪುಟ್ಟಿಗೆ ತೆಳ್ಳಗೆ ಗಂಜಿ ಕಾಯಿಸಿ, ಬಟ್ಟಲನ್ನು ನನ್ನ ಕೈಗೆ ಕೊಟ್ಟಿರಿ. ನೀವೇ ತಿನ್ನಿಸಿ ಎಂದೆ.

"ಬೇಡ ಕಣೇ. ನನ್ನ ಕೈಗುಣ ಸರಿಯಿಲ್ಲ. ಒಂದನ್ನ ಕಳೆದೆ, ಇನ್ನೊಂದನ್ನ ಕಳೀತಿದ್ದೆ."

ಊಟದ ಹೊತ್ತಿಗೆ ಚೀಲ ಹಿಡಿದು ಬಸ್ಸಿಗೆ ಹೊರಟಿರಿ, ಮಗಳ ಸೊಂಟನೋವಿನ ನೆಪದಲ್ಲಿ.

ಇಲ್ಲಿಂದ ಮುಂದಿನದು ನಿಮಗೆ ಗೊತ್ತಿಲ್ಲ. ಒಂದು ವಾರ ಬಿಟ್ಟು ಪುಟ್ಟಿಯನ್ನು ತೋರಿಸಲು ಡಾಕ್ಟರಮ್ಮನ ಹತ್ತಿರ ಹೋದಾಗ ನಾನು ನೇರವಾಗಿ ಕೇಳಿದೆ. ನೀರು ಕೊಟ್ಟಿದ್ದರೆ ನಮ್ಮ ಅತ್ತೆಯ ಮಗ ಬದುಕುತ್ತಿದ್ದನೇ? ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬದುಕಬಹುದಾಗಿತ್ತು, ನಿಮ್ಮನ್ನು ಸಮಾಧಾನಪಡಿಸೋಕೆ ಸುಳ್ಳು ಹೇಳುವುದಿಲ್ಲ ಎಂದರು. ಆಮೇಲೆ ತಮ್ಮ ಕಥೆ ಹೇಳಿದರು. ಅವರು ಡಾಕ್ಟರಿಕೆ ಓದುವ ಕಾಲಕ್ಕೆ ಅವರಿಗೂ ಕಲಿಸಿದ್ದು ಇದನ್ನೇ ಅಂತೆ. ಭೇದಿಯ ಮಗು ಬಂದರೆ ಮೊದಲು ಹಾಲು ನಿಲ್ಲಿಸು, ಹೊಟ್ಟೆಗೆ ವಿಶ್ರಾಂತಿ ಕೊಡು. ವಾರ್ಡಿನಲ್ಲಿ ತಾಯಂದಿರು ಕದ್ದು ಹಾಲು ಕೊಡುತ್ತಿದ್ದರೆ ಅವರ ಕೈಯಿಂದ ಲೋಟ ಕಿತ್ತಿಡುತ್ತಿದ್ದರಂತೆ ಇದೇ ಡಾಕ್ಟರಮ್ಮ. ಈ ಸಕ್ಕರೆ ಉಪ್ಪಿನ ನೀರಿನ ವಿಚಾರ ದೊಡ್ಡ ದೊಡ್ಡ ಡಾಕ್ಟರುಗಳಿಗೂ ಗೊತ್ತಾದದ್ದು ಈಚೆಗಂತೆ.

"ನಿಮ್ಮತ್ತೆ ಶ್ಲೋಕ ನಂಬಿದ್ರು, ನಾನು ಪುಸ್ತಕ ನಂಬಿದ್ದೆ. ನನ್ನ ಕೈಯಲ್ಲೂ ಮಕ್ಕಳು ಹೋಗಿದಾವೆ. ಹಾಗಂತ ನಾನು ಷಾಪು ಮುಚ್ಚಿಕೊಂಡು ಹೋದ್ರೆ ಹೊರಗೆ ಬೆಂಚಿನ ಮೇಲೆ ಕೂತಿರೋರು ಏನು ಮಾಡ್ಬೇಕು? ಅವರಿಗೆ ಇಷ್ಟು ಹೇಳಿ," ಎಂದರು.

ಹೇಳಿದ್ದೇನೆ.

ಇನ್ನೊಂದು ಸಂಗತಿ ಅಮಾವಾಸ್ಯೆಯ ಮಾರನೆಯ ದಿನದ್ದು. ಮೂಡಲಪಾಳ್ಯದಿಂದ ನಮಗೆ ಹಾಲು ತರುವ ಮುನಿಲಕ್ಷ್ಮಮ್ಮ ಆವತ್ತು ಹೊತ್ತು ಮೀರಿ ಬಂದರು. ಮೊಮ್ಮಗನಿಗೆ ಹಲ್ಲಿನ ಭೇದಿ, ಅಂತ್ರ ತಾಯ್ತ ಕಟ್ಟಿಸಿದೀನಿ, ಬಾಯಿಗೆ ನೀರು ಸುದಾ ಬಿಟ್ಟಿಲ್ಲ, ನಾಳೀಕೆ ಸರೋಯ್ತದೆ ಎಂದರು. ಪುಟ್ಟಿಯನ್ನು ನಿಮ್ಮ ಮಗನ ಕೈಗೆ ಕೊಟ್ಟು, ಕುದಿಸಿ ಆರಿಸಿದ ನೀರು, ಸಕ್ಕರೆ, ಉಪ್ಪು ಹಿಡಿದು ಅವರ ಹಿಂದೆಯೇ ಹೋದೆ. ಆ ಮಗು ಚಾಪೆಯ ಮೇಲೆ ಸದ್ದಿಲ್ಲದೆ ಬಿದ್ದುಕೊಂಡಿತ್ತು. ಹೆತ್ತವಳು ಮೂಲೆಯಲ್ಲಿ ಕೂತು ಅತ್ತೆಯ ಮುಖ ನೋಡುತ್ತಿದ್ದಳು. ನಾನು ಅಷ್ಟು ಹೇಳಿದೆ, ಇಷ್ಟು ಹೇಳಿದೆ, ನಿಮ್ಮ ತೂತು ಹಂಡೆಯ ಮಾತನ್ನೂ ಹೇಳಿದೆ. ಮುನಿಲಕ್ಷ್ಮಮ್ಮ ಕಿವಿಗೇ ಹಾಕಿಕೊಳ್ಳಲಿಲ್ಲ.

"ನೀನು ನೆನ್ನೆ ಮೊನ್ನೆ ಹೆತ್ತೋಳು, ನಿಂಗೇನವ್ವ ತಿಳೀತದೆ. ನಿಮ್ಮತ್ತೆ ಯೋಳಿದ್ರೆ ಕೇಳ್ತೀನಿ."

ಆಗ ನಾನು ಸುಳ್ಳು ಹೇಳಿದೆ. ನಮ್ಮ ಅತ್ತೆಯೇ ಕೆಂಗೇರಿಯಿಂದ ಹೇಳಿಕಳಿಸಿದ್ದಾರೆ, ಭೇದಿಯಾದ ಮಗು ಎಲ್ಲಿ ಕಂಡರೂ ಮೊದಲು ನೀರು ಕೊಡು ಅಂದಿದ್ದಾರೆ ಎಂದೆ. ಆ ಯಮ್ಮಂಗೆ ಹೆಂಗೆ ಗೊತ್ತು ಎಂದು ಮುನಿಲಕ್ಷ್ಮಮ್ಮ ಕಣ್ಣು ಕಿರಿದು ಮಾಡಿ ಕೇಳಿದರು. ಬೇರೆ ಏನೂ ತೋಚಲಿಲ್ಲ ಅತ್ತೆ, ಮಗು ಎದುರಿಗೆ ಬಿದ್ದಿತ್ತು. ಅವರದೂ ಒಂದು ಗಂಡುಮಗು ಹೀಗೇ ಹೋಯಿತು, ನೀರು ಕೊಡಬಾರದು ಅಂತ ಹಿರಿಯರು ಹೇಳಿದ್ದರು, ಕೊಡಲಿಲ್ಲ ಎಂದುಬಿಟ್ಟೆ.

ಮುನಿಲಕ್ಷ್ಮಮ್ಮ ಮೊಮ್ಮಗನ ಪಕ್ಕ ಚಾಪೆಯ ಮೇಲೆ ಕೂತರು. ಆಮೇಲೆ ಕೇಳಿದರು.

"ಏನ್ ಹೆಸ್ರಿಟ್ಟಿದ್ರು?"

"ವೆಂಕಟಗಿರಿ."

ಅವರು ಆ ಹೆಸರನ್ನು ಬಾಯೊಳಗೇ ಒಂದು ಸಲ ಹೇಳಿಕೊಂಡರು. ಸೊಸೆಯ ಕಡೆ ತಿರುಗಿ, ಚಮಚ ತಾರೆ ಎಂದರು. ನನ್ನ ಮುಖ ನೋಡದೆ, ನಂದೂ ಎರಡು ಹೋದವು ಕಣವ್ವ ಎಂದರು. ನಾನು ಕಲಸಿಕೊಟ್ಟ ನೀರನ್ನು ತಾವೇ ನಾಲಿಗೆಗೆ ಮುಟ್ಟಿಸಿ ನೋಡಿ, ಮೊಮ್ಮಗನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಡಿಸಿದರು. ಆ ಮಗು ಚಮಚವನ್ನೇ ಕಚ್ಚಿ ಹಿಡಿದು ಕುಡಿಯಿತು. ಆಮೇಲೆ ಡಾಕ್ಟರಮ್ಮನ ಷಾಪಿಗೂ ಕರೆದುಕೊಂಡು ಹೋದೆವು. ಈಗ ಅದು ಗೋಡೆ ಹಿಡಿದು ನಿಲ್ಲುತ್ತಿದೆ.

ನಿಮ್ಮನ್ನು ಕೇಳದೆ ನಿಮ್ಮ ಗುಟ್ಟನ್ನು ಇನ್ನೊಬ್ಬರ ಮನೆಯಲ್ಲಿ ಹೇಳಿದ್ದೇನೆ. ನೀವು ಹೇಳದ ಮಾತನ್ನು ನೀವು ಹೇಳಿದಿರಿ ಎಂದಿದ್ದೇನೆ. ಬೈಯಬೇಕು ಅನ್ನಿಸಿದರೆ ಇಲ್ಲಿಗೇ ಬಂದು ಬೈಯಿರಿ. ನಾಳೆ ಬೆಳಗ್ಗೆ ಮುನಿಲಕ್ಷ್ಮಮ್ಮ ತಮ್ಮ ಬೀದಿಯ ಹೆಂಗಸರನ್ನು, ಕಂಕುಳ ಕೂಸುಗಳ ಸಮೇತ, ಕರೆದುಕೊಂಡು ಬರುತ್ತಾರಂತೆ. ನನ್ನ ಮಾತು ಅವರ ಅತ್ತೆಯಂದಿರಿಗೆ ಸಾಲದು. ನಿಮ್ಮ ಬಾಯಿಂದಲೇ ಕೇಳಬೇಕಂತೆ. ನಿಮ್ಮತ್ತೆ ಇರ್ತಾರಾ ಎಂದು ಕೇಳಿದರು. ಇರ್ತಾರೆ ಎಂದೆ. ಇದು ನಾನು ಹೇಳಿದ ಎರಡನೆಯ ಸುಳ್ಳು, ಇದನ್ನು ನಿಜ ಮಾಡುವುದು ನಿಮಗೆ ಬಿಟ್ಟದ್ದು. ಕಾಗದ ತಂದಿರುವ ನಿಮ್ಮ ಮಗ ಅಂಗಳದಲ್ಲಿ ತೆಂಗಿನಮರ ನೋಡುತ್ತ ನಿಂತಿರಬೇಕು. ಈ ಸಲ ಉಪ್ಪಿನಕಾಯಿ ಕೊಟ್ಟು ಸಾಗಹಾಕಬೇಡಿ. ನೀವಿಲ್ಲದೆ ಬಸ್ಸು ಹತ್ತಕೂಡದು ಎಂದು ಹೇಳಿಯೇ ಕಳಿಸಿದ್ದೇನೆ.

ಕೈಗುಣದ ಮಾತಿಗೆ ನನ್ನ ಹತ್ತಿರ ಜಾಣತನದ ಉತ್ತರ ಇಲ್ಲ. ವೆಂಕಟಗಿರಿ ನಿಮಗೆ ವಾಪಸು ಬರುವುದಿಲ್ಲ, ಅದು ನನಗೂ ಗೊತ್ತು. ಅವನನ್ನು ನೆನೆದು ಅಳುವುದಿದ್ದರೆ ಇಲ್ಲಿ ಅಳಿ, ನಾನೂ ಕೂಡ ಕೂರುತ್ತೇನೆ. ಇಷ್ಟು ವರ್ಷ ಒಬ್ಬರೇ ಅತ್ತದ್ದು ಸಾಕು. ಒಂದು ಮಾತ್ರ ಹೇಳಿ ಮುಗಿಸುತ್ತೇನೆ. ನಿನ್ನೆ ಹಾಲು ಅಳೆಯುವಾಗ ಮುನಿಲಕ್ಷ್ಮಮ್ಮ, ಪಕ್ಕದ ಮನೆಯ ಕೂಸಿಗೂ ಭೇದಿ ಶುರುವಾಗಿತ್ತು, ಆಗಲೇ ನೀರು ಕಲಸಿ ಕೊಟ್ಟೆವು, ಈಗ ಆಡ್ತಾ ಅದೆ ಎಂದರು. ಆ ನೀರಿಗೆ ಅವರ ಬೀದಿಯಲ್ಲಿ ಒಂದು ಹೆಸರೂ ಬಿದ್ದಿದೆ. ಒಲೆಯ ಮುಂದೆ ಕೂತ ಹೆಂಗಸರು ಒಬ್ಬರಿಗೊಬ್ಬರು ಕೂಗಿ ಕೇಳುತ್ತಾರಂತೆ, ಮಗೀಗೆ ವೆಂಕಟಗಿರಿ ನೀರು ಕೊಟ್ಟೇನೇ ಎಂದು.

ನಿಮ್ಮ ಆಶೀರ್ವಾದವನ್ನು ಕಾಗದದಲ್ಲಿ ಬರೆದು ಕಳಿಸಬೇಡಿ ಅತ್ತೆ. ಬಂದು ಪುಟ್ಟಿಯ ತಲೆಯ ಮೇಲೆ ಕೈಯಿಟ್ಟು ಹೇಳಿ.

ಬಾಗಿಲು ತೆಗೆದಿಟ್ಟುಕೊಂಡು ಕೂತಿರುವ
ನಿಮ್ಮ ಬಾಯಿಜೋರಿನ ಸೊಸೆ,
ಸತ್ಯವತಿ